ಅಂಗಡಿಯಲ್ಲಿ ಎರಡು, ಅಟ್ಟದ ಮೇಲೆ ಹದಿನೆಂಟು

ಇರುವ ಸರಕನ್ನು ಮಾರುವುದು ಯಾರಿಗಾದರೂ ಬರುತ್ತದೆ. ಇರುವುದನ್ನು ಇಲ್ಲವೆನ್ನಿಸಿ ಮಾರುವ ವಿದ್ಯೆ ನಮ್ಮ ಜಿಲ್ಲೆಯಲ್ಲಿ ತನಗೊಬ್ಬನಿಗೇ ಒಲಿದಿದೆ ಎಂದು ಮುರಳಿಮೋಹನ್ ನಂಬಿದ್ದ. ನಂಬಿಕೆಗೆ ಆಧಾರವೂ ಇತ್ತು. ಚಿಕ್ಕಬಳ್ಳಾಪುರದ ಒಬ್ಬ ಎಲೆಕ್ಟ್ರಾನಿಕ್ಸ್ ವಿತರಕರ ಕೈಕೆಳಗೆ ಹನ್ನೊಂದು ವರ್ಷ ಬೈಕ್ ಓಡಿಸಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಅಂಗಡಿಗಳಿಗೆಲ್ಲ ಅವನು ಕಲಿಸಿದ್ದು ಒಂದೇ ಮಂತ್ರ: "ಇದೆ ಅಂದ್ರೆ ನಾಳೆ ಬರ್ತೀನಿ ಅಂತಾರೆ. ಇಲ್ಲ ಅಂದ್ರೆ ಇವತ್ತೇ ಬರ್ತಾರೆ."

ಈ ಸಲ ಬಂದದ್ದು ಝೋರಾ-3. ಟಿವಿಗೆ ತಗುಲಿಸಿ ಗೇಮ್ ಆಡುವ ಪೆಟ್ಟಿಗೆ; ಆಡುವವರ ಬಾಯಲ್ಲಿ ಕನ್ಸೋಲ್. ಒಂದೊಂದು ಊರಿಗೆ ಇಪ್ಪತ್ತು ಪೆಟ್ಟಿಗೆ ಬಂದಿದ್ದವು. ಮುರಳಿಯ ಲೆಕ್ಕದಲ್ಲಿ ಎರಡು ಅಂಗಡಿಯ ಗಾಜಿನ ಹಿಂದೆ, ಹದಿನೆಂಟು ಅಟ್ಟದ ಮೇಲೆ. ಮೊದಲ ದಿನ ಊರೆಲ್ಲ ಬಂದು ಎರಡಕ್ಕಾಗಿ ಕಿತ್ತಾಡಬೇಕು. ಆಮೇಲೆ ದಿನಕ್ಕೆ ಎರಡರಂತೆ ಅಟ್ಟದಿಂದ ಇಳಿಸಿ, "ನಿಮಗೋಸ್ಕರ ಎಲ್ಲಿಂದಲೋ ಹೊಂದಿಸಿದೆ" ಎಂದು ಕಿವಿಯಲ್ಲಿ ಹೇಳಿ, ಗೋಡೌನಿನಲ್ಲಿ ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ಗೇಮಿನ ಸ್ಟೀರಿಂಗ್ ಚಕ್ರವೊಂದನ್ನು ಜೊತೆಗೆ ಅಂಟಿಸಿ ಕಳಿಸಬೇಕು. ಚಕ್ರ ಬೇಡವೆಂದವರಿಗೆ ಪೆಟ್ಟಿಗೆಯೂ ಇಲ್ಲ.

ಆದರೆ ಮುರಳಿಗೆ ಈ ಸಲ ಬೇಕಾಗಿದ್ದದ್ದು ಕ್ಯೂ. ಮೂರು ಊರಿನ ಮೂರು ಕ್ಯೂ, ಅವುಗಳ ಮೂರು ಫೋಟೋ. ಮೇಲಿನವರು ಹೇಳಿಬಿಟ್ಟಿದ್ದರು: ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮೀಟಿಂಗು, ಯಾರ ಕ್ಯೂ ಚೆನ್ನಾಗಿರುತ್ತದೋ ಅವರೇ ಜಿಲ್ಲಾ ಇನ್‌ಚಾರ್ಜು. ಇನ್‌ಚಾರ್ಜು ಎಂದರೆ ಚಿಕ್ಕಬಳ್ಳಾಪುರದ ಆಫೀಸಿನಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೊಂದು ಫ್ಯಾನು. ಹನ್ನೊಂದು ವರ್ಷ ಬೈಕಿನ ಸೀಟಿನ ಮೇಲೆ ಸವೆದ ಬೆನ್ನಿಗೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ.

ಗುರುವಾರ ಗೌರಿಬಿದನೂರು ಗೆದ್ದಾಯಿತು. ಅಲೀಪುರದಿಂದ ಬೈಕುಗಳಲ್ಲಿ ಬಂದವರು, ಪೇಟೆಯವರು ಸೇರಿ ಅಂಗಡಿಯ ಷಟರ್ ಏಳುವ ಮೊದಲೇ ಬೀದಿ ತುಂಬಿದ್ದರು. ಶುಕ್ರವಾರ ಚಿಂತಾಮಣಿಯಲ್ಲಿ ಕ್ಯೂ ಎಷ್ಟು ಉದ್ದವಿತ್ತೆಂದರೆ ಪಕ್ಕದ ಬಟ್ಟೆ ಅಂಗಡಿಯವನು ತನ್ನ ಬೋರ್ಡನ್ನು ಅದರ ಬಾಲದ ಕಡೆಗೆ ತಿರುಗಿಸಿಕೊಂಡ. ಎರಡು ಫೋಟೋ ಮೇಲಕ್ಕೆ ಹೋದವು, ಮೇಲಿನಿಂದ ಎರಡು ಹೆಬ್ಬೆರಳು ಬಂದವು. ಉಳಿದದ್ದು ಶಿಡ್ಲಘಟ್ಟ.

ಶಿಡ್ಲಘಟ್ಟದ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಶೈಸ್ತಾ ಎಂಬ ಹುಡುಗಿ ಹದಿನೈದು ದಿನದ ಹಿಂದೆಯೇ ಫೋನ್ ಮಾಡಿದ್ದಳು. ಬಿ.ಕಾಂ. ಮುಗಿಸಿದವಳು, ಅಜ್ಜಿಯ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನ ಮುಂದಿನ ಕೋಣೆಯಲ್ಲಿ ಗೇಮ್ ಸೆಂಟರ್ ನಡೆಸುತ್ತಿದ್ದಳು. ಝೋರಾ ಬೇಕೆನ್ನುವ ಹದಿನೇಳು ಜನರ ಪಟ್ಟಿ ಅವಳ ಬಳಿ ಸಿದ್ಧವಾಗಿತ್ತು.

"ಹದಿನೇಳಾ? ಎರಡೇ ಪೀಸಮ್ಮ ಊರಿಗೆಲ್ಲ," ಎಂದಿದ್ದ ಮುರಳಿ, ದನಿಯಲ್ಲಿ ಹದವಾಗಿ ದುಃಖ ಬೆರೆಸಿ. "ಅದರ ಜೊತೆ ಸ್ಟೀರಿಂಗ್ ಕಂಪಲ್ಸರಿ."

"ಕಾರ್ ಗೇಮ್ ಆಡೋರು ನಮ್ಮಲ್ಲಿ ಇಬ್ರೇ ಸಾರ್."

"ರೂಲ್ಸು ಕಣಮ್ಮ. ನಾನೇನು ಮಾಡ್ಲಿ."

ಎಲ್ಲರೂ ಇಲ್ಲಿ ಗೋಗರೆಯುತ್ತಾರೆ. ಶೈಸ್ತಾ ಮಾತ್ರ, "ಸರಿ ಸಾರ್, ಮನೇಲಿ ಕೇಳಿ ಹೇಳ್ತೀನಿ," ಎಂದು ಫೋನ್ ಇಟ್ಟಳು. ಆಮೇಲೆ ಹೇಳಲೇ ಇಲ್ಲ. ಮುರಳಿಯಂಥ ನುರಿತವನು ಅಲ್ಲೇ ಕಿವಿ ನಿಮಿರಿಸಬೇಕಿತ್ತು. ಅವನು ಬಲೂನು ಆರ್ಡರ್ ಮಾಡುವುದರಲ್ಲಿದ್ದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಸ್‌ಸ್ಟ್ಯಾಂಡ್ ರಸ್ತೆಯ ಗಂಗರಾಜು ಅವರ ಅಂಗಡಿ ಮದುಮಗನಂತೆ ನಿಂತಿತ್ತು. ಬಾಗಿಲಿಗೆ ಚೆಂಡುಹೂವಿನ ಸರ, ಕೆಂಪು ರಿಬ್ಬನ್ನು, ಗಾಜಿನ ಹಿಂದೆ ಎರಡು ಪೆಟ್ಟಿಗೆ. ಜನ ನೂಕಿ ಬೀಳಬಾರದೆಂದು ಎರಡು ಕಂಬ ನೆಟ್ಟು ಹಗ್ಗವನ್ನೂ ಕಟ್ಟಿದ್ದಾಗಿತ್ತು. ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಹಗ್ಗದೊಳಕ್ಕೆ ಒಂದು ಮೇಕೆ ಬಂದು, ಸರದ ತುದಿಯ ಎರಡು ಹೂವು ತಿಂದು ಹೋಯಿತು.

"ಏಮಿ ಸಾರ್ ಇದಿ?" ಎಂದರು ಗಂಗರಾಜು. ಗಾಬರಿಯಾದಾಗ ಅವರಿಗೆ ತೆಲುಗು ಬರುತ್ತಿತ್ತು. "ಒಬ್ಬನೂ ಇಲ್ವಲ್ಲ."

"ಬರ್ತಾರೆ ಗಂಗರಾಜಣ್ಣ. ಶನಿವಾರ, ಸ್ನಾನ ಗೀನ ತಡ."

ಬಂದರು. ಮೊದಲು ಬಂದವನು ಚಾರ್ಜರಿನ ವೈರು ಕೊಂಡ. ಎರಡನೆಯವನು ಮಿಕ್ಸಿಯ ಜಾರಿಗೆ ರಬ್ಬರು ಕೇಳಿದ. ಇಬ್ಬರ ಟೀ ಷರ್ಟಿನ ಮೇಲೂ ಗೇಮಿನ ಚಿತ್ರವಿತ್ತು, ಇಬ್ಬರ ಕಣ್ಣೂ ಗಾಜಿನ ಪೆಟ್ಟಿಗೆಯ ಕಡೆ ಹೋಗಲಿಲ್ಲ. ಹೋಗಲಿಲ್ಲವೆಂದರೆ ಸುಮ್ಮನೆ ಹೋಗದಿರುವುದಲ್ಲ. ಎದುರಿಗೆ ಬೀಗರ ಮನೆಯ ಜಗಳ ನಡೆದಿರುವಾಗ ಸಭ್ಯರು ಗೋಡೆಯ ಕ್ಯಾಲೆಂಡರ್ ನೋಡುತ್ತಾರಲ್ಲ, ಹಾಗೆ. ಮೂರನೆಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಗಾಜಿನ ಬಳಿ ಬಂದ, ಪೆಟ್ಟಿಗೆಯನ್ನು ನೋಡಿದ, ತುಟಿಯನ್ನು ಸ್ವಲ್ಪ ಕೆಳಕ್ಕೆ ಮಾಡಿ "ಹೂಂ" ಎಂದ, ಎರಡು ಪೆನ್ಸಿಲ್ ಸೆಲ್ ಕೊಂಡು ಹೊರಟ.

ಆ "ಹೂಂ" ಕೇಳಿ ಗಂಗರಾಜು ಸ್ಟೂಲಿನ ಮೇಲೆ ಕೂತುಬಿಟ್ಟರು.

ಮುರಳಿಯ ಫೋನು ಹೊಡೆದುಕೊಂಡಿತು. ಮೇಲಿನವರು. "ಏನ್ರೀ, ಫೋಟೋ?"

"ಬಿಸಿಲು ಎದುರಿಗಿದೆ ಸಾರ್, ಮುಖ ಕಪ್ಪು ಬರ್ತಿದೆ. ಸ್ವಲ್ಪ ಹೊತ್ತು."

"ಸರಿ. ಎರಡು ಗಂಟೆ ನೆನಪಿರಲಿ."

ಫೋನಿಟ್ಟು ತಿರುಗಿದರೆ ಗಂಗರಾಜು ಎದುರುಗಡೆಯ ಟೀ ಅಂಗಡಿಯನ್ನೇ ನೋಡುತ್ತಿದ್ದರು. "ಸಾರ್, ಕೆಟ್ವಿ," ಎಂದರು ಮೆಲ್ಲಗೆ. "ಇದು ರೇಷ್ಮೆಗೂಡಿನ ಮಾರ್ಕೆಟ್ ಆಟ. ಅಲ್ನೋಡಿ, ಶೈಸ್ತಾಳ ಅಜ್ಜಿ ಖತೀಜಾ ಬೀ ಕೂತವ್ರೆ."

ಟೀ ಅಂಗಡಿಯ ಬೆಂಚಿನ ಮೇಲೆ, ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿಕೊಂಡು, ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ಸಾಸರಿಗೆ ಟೀ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಪಕ್ಕದಲ್ಲಿ ಮೊಬೈಲ್ ಹಿಡಿದ ಶೈಸ್ತಾ. ಹಿಂದಿನ ಎರಡು ಬೆಂಚಿನ ತುಂಬ ಯುವಕರು. ಅದರಲ್ಲಿ ನಾಲ್ಕೈದು ಜನ ಯಾಕೋ ರಸ್ತೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿದ್ದರು.

ಗಂಗರಾಜುವಿನ ತಂದೆ ಹಿಪ್ಪುನೇರಳೆ ಬೆಳೆದು ಹುಳ ಸಾಕಿದವರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಗೂಡಿನ ಮೂಟೆಯ ಮೇಲೆ ಕೂತು ಮಾರುಕಟ್ಟೆಗೆ ಬಂದದ್ದನ್ನು ಗಂಗರಾಜು ಈಗ ಒಂದೇ ಉಸಿರಿಗೆ ಹೇಳಿದರು. "ರೇಟು ಜಾಸ್ತಿ ಅನ್ನಿಸ್ತು ಅನ್ಕೊಳ್ಳಿ, ಗೂಡು ಕೊಂಡು ನೂಲು ಬಿಚ್ಚೋ ರೀಲರುಗಳು ಜಗಳ ಆಡಲ್ಲ ಸಾರ್. ರಾಶಿಯೊಳಗೆ ಕೈ ಹಾಕ್ತಾರೆ, ಒಂದು ಗೂಡು ತೆಗೆದು ಕಿವಿ ಹತ್ರ ಅಲ್ಲಾಡಿಸ್ತಾರೆ, ಹೂಂ ಅಂತಾರೆ, ಟೀಗೆ ಹೋಗ್ತಾರೆ. ಎಲ್ರೂ. ನಾವು ಗೂಡು ಮನೆಗೆ ತಗೊಂಡು ಹೋಗಿ ಏನ್ ಮಾಡೋದು? ನಾಕು ದಿನ ಬಿಟ್ರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರ್ಕೊಂಡು ಆಚೆ ಬರುತ್ತೆ, ನೂಲು ಹಾಳು. ಅದು ಅವರಿಗೂ ಗೊತ್ತು. ನಮ್ಮಪ್ಪ ಆ ಟೀ ಅಂಗಡಿ ನೋಡ್ತಾ ನೋಡ್ತಾನೇ ಮುದುಕ ಆದ್ರು. ಇವಮ್ಮ ಇದಾರಲ್ಲ, ಗಂಡ ಸತ್ತ ಮೇಲೆ ಗೂಡು ಕೊಳ್ಳೋಕೆ ತಾನೇ ಮಾರ್ಕೆಟ್ಟಿಗೆ ಬಂದೋರು. ಅಷ್ಟು ಗಂಡಸರ ಮಧ್ಯೆ ಒಬ್ಬರೇ ಹೆಂಗಸು. ಆ ಮುಖದಲ್ಲಿ ಬೇಕು ಅನ್ನೋದನ್ನ ಇವತ್ತಿನವರೆಗೂ ಯಾರೂ ಓದಿಲ್ಲ ಸಾರ್."

ಮುರಳಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಊರೆಲ್ಲ ಬೇಕು ಬೇಕು ಎನ್ನುವ ಹಾಗೆ ಮಾಡುವುದು ಅವನ ಕಸುಬು. ಬೇಕೆನ್ನುವವರೆಲ್ಲ ಸೇರಿ ಬೇಡವೆನ್ನುವ ಕಸುಬೊಂದಿದೆ, ಅದು ತನ್ನದಕ್ಕಿಂತ ಹಳೆಯದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಗ್ಗಟ್ಟು ಎಂಬುದನ್ನು ಎಲ್ಲಿ ಹರಿಯಬೇಕೆಂದು ಮಾತ್ರ ಅವನಿಗೆ ಗೊತ್ತಿತ್ತು. ಮೇಲೂರಿನ ಮುನಿಶಾಮಪ್ಪನವರ ಮಗ ಸುನೀಲ್ ಹೋದ ವಾರ ಹನ್ನೊಂದು ಸಲ ಫೋನ್ ಮಾಡಿ ಬೇಡಿಕೊಂಡಿದ್ದ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಆಳುದ್ದದ ಗಂಡಸು, ಫೋನಿನಲ್ಲಿ ಅಳುವುದೊಂದು ಬಾಕಿಯಿತ್ತು. ಮುರಳಿ ಅವನಿಗೆ ಫೋನ್ ಹಚ್ಚಿದ.

"ಸುನೀಲಪ್ಪ, ಒಂದು ಪೀಸ್ ನಿಂಗೇ ಅಂತ ತೆಗೆದಿಟ್ಟಿದೀನಿ. ಸ್ಟೀರಿಂಗೂ ಬೇಡ. ಯಾರಿಗೂ ಹೇಳ್ಬೇಡ, ಈಗ್ಲೇ ಬಂದ್ಬಿಡು."

ಆ ಕಡೆಯಿಂದ ಕಾದ ಬಾಣಲೆಗೆ ನೀರು ಬಿದ್ದಂಥ ಉಸಿರೊಂದು ಬಂತು. ಅದರ ಹಿಂದೆಯೇ, "ಬ್ಯಾಡ ಸಾರ್," ಎಂಬ ದನಿ. "ನಂಗೆ... ನಂಗೆ ಈಗ ಗೇಮಲ್ಲಿ ಇಂಟ್ರೆಸ್ಟ್ ಹೊರಟೋಗಿದೆ."

ಟೀ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿದ್ದ ಬೆನ್ನುಗಳಲ್ಲಿ ಅತಿ ಅಗಲವಾದದ್ದು ಫೋನನ್ನು ಕಿವಿಯಿಂದ ತೆಗೆದು, ಹಣೆಯನ್ನು ಗೋಡೆಗೆ ಆನಿಸಿತು. ಮುರಳಿ ಕಣ್ಣಾರೆ ಕಂಡ. ಅವನಿಗೇ ಆಶ್ಚರ್ಯವಾಗುವಂತೆ, ಒಳಗೊಂದು ಮೆಚ್ಚುಗೆ ಎದ್ದಿತು. ಹನ್ನೊಂದು ಸಲ ಬೇಡಿಕೊಂಡವನ ಬಾಯಲ್ಲಿ ಈ ಮಾತು ಹೊರಡಿಸಿದ ಗುರು ಯಾರಪ್ಪ!

ಹನ್ನೊಂದೂಮುಕ್ಕಾಲಿಗೆ ಅವನು ರಸ್ತೆ ದಾಟಿದ.

"ಬಾಪ್ಪ, ಕೂತ್ಕೋ. ಟೀ ಕುಡಿ," ಎಂದಳು ಖತೀಜಾ ಬೀ, ಅವನಿಗಾಗಿಯೇ ಖಾಲಿ ಬಿಟ್ಟಿದ್ದಂತೆ ಬೆಂಚಿನ ತುದಿ ತೋರಿಸುತ್ತ.

"ಬೇಡಮ್ಮ. ಇವರೆಲ್ಲ ಯಾಕಮ್ಮ ಆ ಕಡೆ ತಿರುಗಿ ಕೂತವ್ರೆ?"

"ಮುಖ ಸರಿಯಿಲ್ಲ. ನಿನ್ನ ಡಬ್ಬ ಕಂಡ್ರೆ ಬಾಯಲ್ಲಿ ನೀರು ಸುರಿಸ್ತವೆ. ಕಲಿಯೋತನಕ ಹಂಗೇ ಕೂರ್ಲಿ."

ಬೆನ್ನುಗಳಲ್ಲೊಂದು ಕಿಸಕ್ಕೆಂದಿತು. "ಚುಪ್," ಎಂದಳು ಶೈಸ್ತಾ.

ಮುರಳಿ ತನ್ನ ದುಃಖದ ದನಿ ತೆಗೆದ. "ನೋಡಿಯಮ್ಮ, ನೀವು ಹಿಂಗೆ ಮಾಡಿದ್ರೆ ನಂಗೇನು? ಇರೋದು ಎರಡು ಪೀಸು. ಸಾಯಂಕಾಲ ಚಿಂತಾಮಣಿಗೆ ತಗೊಂಡು ಹೋದ್ರೆ ಕಣ್ಣಿಗೆ ಒತ್ತಿಕೊಂಡು ತಗೋತಾರೆ."

"ಎರಡು?"

"ಎರಡೇ."

ಖತೀಜಾ ಬೀ ಸಾಸರನ್ನು ಕೆಳಗಿಟ್ಟಳು. "ಎರಡು ಡಬ್ಬ ತರೋಕೆ ನೀನು ಬೈಕಲ್ಲೇ ಬರ್ತಿದ್ದೆ ಕಣಪ್ಪ. ಮೊನ್ನೆ ಟೆಂಪೋ ಯಾಕೆ ಬಂತು?"

"ಅದು ಟಿವಿ ಲೋಡು."

"ಟಿವಿ ಅಂಗಡಿ ಮುಂದೆ ಇಳೀತು, ನೋಡ್ದೆ. ಆಮೇಲೆ ಗಾಡಿ ಹಿಂದಿನ ಸಂದಿಗೆ ಹೋಯ್ತು. ಹೋಗ್ವಾಗ ಇನ್ನೂ ಟೈರು ಒತ್ತಿತ್ತು. ಬರ್ವಾಗ ಎದ್ದಿತ್ತು. ನಲವತ್ತು ವರ್ಷ ಗೂಡಿನ ಗಾಡಿ ಟೈರು ನೋಡಿದೀನಿ. ಒಂದು ಹದಿನೈದು, ಇಪ್ಪತ್ತು ಡಬ್ಬದ ತೂಕ ಅದು. ಹೌದಾ, ಅಲ್ವಾ?"

ಮುರಳಿ ಗಂಗರಾಜುವಿನ ಕಡೆ ತಿರುಗಿ ನೋಡಿದ. ಗಂಗರಾಜು ರಸ್ತೆಯ ಆ ಕಡೆಯಿಂದಲೇ ಎರಡೂ ಕೈ ಅಲ್ಲಾಡಿಸಿ, ದೇವರಾಣೆಗೂ ತಾನು ಹೇಳಿಲ್ಲವೆಂದು ಸನ್ನೆ ಮಾಡಿದರು. ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿರಲಿಲ್ಲ.

"ನಿನ್ನದು ಗೂಡಲ್ಲ, ನಿಜ," ಎಂದಳು ಮುದುಕಿ. "ಡಬ್ಬದೊಳಗೆ ಚಿಟ್ಟೆ ಏಳಲ್ಲ. ಆದ್ರೆ ನೀನು ಬೆಳಿಗ್ಗೆಯಿಂದ ಗಡಿಯಾರ ನೋಡ್ತಿದೀಯ. ಯಾವ ಗಂಟೆಗೆ ಏಳುತ್ತೆ ನಿಂದು?"

ಆಗಲೇ ಫೋನು ಮತ್ತೆ ಹೊಡೆದುಕೊಂಡಿತು. ಮುರಳಿ ಅದನ್ನು ಎತ್ತಲಿಲ್ಲ, ಜೇಬಿನಲ್ಲೇ ಒತ್ತಿಹಿಡಿದ. ಷರ್ಟಿನೊಳಗೆ ಅದು ನಡುಗುತ್ತಲೇ ಇತ್ತು. ಖತೀಜಾ ಬೀ ಅದು ನಿಲ್ಲುವವರೆಗೂ ಮರ್ಯಾದೆಯಿಂದ ಕಾದಳು.

"ಎರಡು ಗಂಟೆಗೆ," ಎಂದ ಅವನು. ಕುರ್ಚಿಯ ಕಥೆ, ಫ್ಯಾನಿನ ಕಥೆ, ಕ್ಯೂವಿನ ಫೋಟೋದ ಕಥೆ ಎಲ್ಲ ಹೊರಗೆ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ತನ್ನ ಹತ್ತಿರ ಏನಿದೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿದ್ದು.

"ಅಷ್ಟೇನಾ? ಕ್ಯೂ ತಾನೆ ಬೇಕು, ಕೊಡ್ತೀವಿ ತಗೋ," ಎಂದಳು ಖತೀಜಾ ಬೀ. "ಡಬ್ಬ ಎಲ್ಲ ಕೆಳಗಿಳಿಸು. ಸ್ಟೀರಿಂಗ್ ಯಾರಿಗೂ ಬೇಡ."

"ಆಯ್ತಮ್ಮ, ಆಯ್ತು. ಮೊದಲು ಕ್ಯೂ ನಿಲ್ಲಿಸಿ, ಫೋಟೋ ತಗೋತೀನಿ. ಆಮೇಲೆ ಇಳಿಸ್ತೀನಿ. ಇಪ್ಪತ್ತು ಡಬ್ಬ ಪೇರಿಸಿರೋದು ಫೋಟೋದಲ್ಲಿ ಬಂದ್ರೆ ಮಾಲೇ ಇಲ್ಲ ಅನ್ನೋ ಸ್ಕೇರ್ಸಿಟಿ ಹೆಂಗಾಗುತ್ತೆ? ಮೇಲಿನವರು ಒಪ್ಪಲ್ಲ."

"ಮೊದಲು ಡಬ್ಬ."

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

ಬೆಂಚಿನ ಮೇಲಿದ್ದವರೆಲ್ಲ, ಗೋಡೆ ನೋಡುತ್ತಿದ್ದವರೂ ಸೇರಿ, ಜೋರಾಗಿ ನಕ್ಕರು. ಆ ನಗೆಯಲ್ಲಿ ಕಹಿಯಿರಲಿಲ್ಲ. ಒಳ್ಳೆಯ ಹಾಸ್ಯಕ್ಕೆ ನಕ್ಕ ಹಾಗೆ ನಕ್ಕರು. ಮುರಳಿಗೂ ನಗು ತಡೆಯಲಾಗಲಿಲ್ಲ. ಕುರ್ಚಿ ಹೋಯಿತೆಂದು ಅವನಿಗೆ ಗೊತ್ತಾದದ್ದು ಆ ನಗೆಯ ನಡುವೆ. ಖಾಲಿ ಹಗ್ಗದ ಫೋಟೋ ಕಳಿಸಿದರೂ ಕುರ್ಚಿಯಿಲ್ಲ, ತುಂಬಿದ ಅಂಗಡಿಯ ಫೋಟೋ ಕಳಿಸಿದರೆ ಬಹುಶಃ ಇಲ್ಲ. ಬಹುಶಃ ಎಂಬ ಮಾತಿಗೆ ಜೋತುಬಿದ್ದು ಅವನು ಅಂಗಡಿಯ ಕಡೆ ತಿರುಗಿದ. "ಗಂಗರಾಜಣ್ಣ, ಏಣಿ ತೆಗೀರಿ," ಎಂದು ರಸ್ತೆಯ ಈ ಕಡೆಯಿಂದಲೇ ಕೂಗಿದ.

ಏಣಿ ಗೋಡೆಗೆ ತಾಗಿದ ಸದ್ದಿಗೇ ಟೀ ಅಂಗಡಿ ಖಾಲಿಯಾಯಿತು. ನಾಲ್ಕು ನಿಮಿಷದಲ್ಲಿ ಹಗ್ಗದುದ್ದಕ್ಕೂ ಕ್ಯೂ. ನೂಕಿಲ್ಲ, ನುಗ್ಗಿಲ್ಲ, ಶೈಸ್ತಾಳ ಪಟ್ಟಿಯ ನಂಬರಿನಂತೆ ಒಬ್ಬರ ಹಿಂದೊಬ್ಬರು, ಮಾರುಕಟ್ಟೆಯಲ್ಲಿ ಹರಾಜಿಗೆ ಗೂಡಿನ ಲಾಟು ಕರೆದ ಹಾಗೆ. ಸುನೀಲ್ ಏಳನೆಯವನು. ಪೆಟ್ಟಿಗೆ ಕೈಗೆ ಬಂದಾಗ ಅವನು ಅದನ್ನು ಹೆಗಲಿಗೆ ಒರಗಿಸಿಕೊಂಡು, ಮಗುವಿಗೆ ತಟ್ಟುವಂತೆ ಎರಡು ಸಲ ತಟ್ಟಿದ. ಕ್ಯೂ ಕಂಡು ದಾರಿಹೋಕರೂ ಬಂದು ಸೇರಿದರು. ಕೊನೆಯಲ್ಲಿ ನಿಂತಿದ್ದ ಆಂಜಿನಮ್ಮ ಎಂಬ ಹೆಂಗಸು ಚೀಲ ತೆರೆದು ಹಿಡಿದು, "ಅಕ್ಕಿ ಜೊತೆ ರಾಗೀನೂ ಕೊಡ್ತಾರಾ?" ಎಂದು ವಿಚಾರಿಸುತ್ತಿದ್ದಳು.

ಮುರಳಿ ಫೋಟೋ ತೆಗೆದ. ಎಲ್ಲರೂ ನಗುತ್ತಿದ್ದರು. ಹಿಂದೆ ಪೆಟ್ಟಿಗೆಗಳ ಗೋಪುರ ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕಕ್ಕೆ ಸರಿದು ತೆಗೆದಿದ್ದರೆ ಗೋಪುರ ತಪ್ಪುತ್ತಿತ್ತು, ಕಾಲು ಸರಿಯಲಿಲ್ಲ. ಹದಿನೇಳೂ ಹೋದ ಮೇಲೆ ಮೂರು ಪೆಟ್ಟಿಗೆ ಉಳಿದವು. ಊರಿಗೆ ಬೇಕಿದ್ದದ್ದು ಹದಿನೇಳು, ಬಂದಿದ್ದದ್ದು ಇಪ್ಪತ್ತು. ಎಲ್ಲರಿಗೂ ಸಾಕಾಗುವಷ್ಟು ಮೊದಲಿನಿಂದಲೂ ಇತ್ತು ಎಂಬ ಸಣ್ಣ ಸಂಗತಿ ಆ ಮೂರು ಪೆಟ್ಟಿಗೆಗಳ ರೂಪದಲ್ಲಿ ಮೇಜಿನ ಮೇಲೆ ಕೂತಿತ್ತು. ಗಂಗರಾಜು ಅವನ್ನು ಬಟ್ಟೆಯಿಂದ ಒರೆಸಿ ಗಾಜಿನ ಹಿಂದಿಟ್ಟರು.

ಮೇಲಿನಿಂದ ಬಂದ ಉತ್ತರ ಒಂದೇ ಸಾಲು: "ಹಿಂದೆ ಬಾಕ್ಸ್ ಯಾಕ್ರೀ ಕಾಣ್ತಿವೆ?" ಸಂಜೆಗೆ ಗೊತ್ತಾಯಿತು, ಕುರ್ಚಿ ಮತ್ತೊಂದು ತಾಲ್ಲೂಕಿನವನಿಗೆ. ಅವನ ಕ್ಯೂವಿನಲ್ಲಿ ನೂಕಾಟವಾಗಿ ಅಂಗಡಿಯ ಗಾಜು ಒಡೆದಿತ್ತಂತೆ. ಮೇಲಿನವರಿಗೆ ಗಾಜಿನ ಚೂರು ಬಹಳ ಹಿಡಿಸಿತು.

ಸೋಮವಾರ ಸ್ಟೀರಿಂಗ್ ಚಕ್ರಗಳನ್ನು ವಾಪಸ್ಸು ಒಯ್ಯಲು ಶಿಡ್ಲಘಟ್ಟಕ್ಕೆ ಬಂದ ಮುರಳಿ, ಹಾಗೇ ಖತೀಜಾ ಬೀಯ ಶೆಡ್ಡಿನ ಕಡೆ ಬೈಕು ತಿರುಗಿಸಿದ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಮುಂದಿನ ಕೋಣೆಯಿಂದ ಗೇಮಿನ ಗುಂಡಿನ ಸದ್ದು, ಒಳಗಿನಿಂದ ಬೇಯುವ ಗೂಡಿನ ವಾಸನೆ. ಮುದುಕಿ ಬಾಗಿಲಲ್ಲೇ ಕೂತು, ಗೂಡಿನ ರಾಶಿಯಿಂದ ಕೆಟ್ಟದ್ದನ್ನು ಬೇರೆ ಮಾಡುತ್ತಿದ್ದಳು.

"ಕುರ್ಚಿ ಬಂತಾಪ್ಪ?"

"ಇಲ್ಲಮ್ಮ."

ಅವಳು ತಲೆದೂಗಿದಳು. ಅಯ್ಯೋ ಎನ್ನಲಿಲ್ಲ, ಕಸುಬಿನವರು ಕಸುಬಿನವರಿಗೆ ಅಯ್ಯೋ ಎನ್ನುವುದಿಲ್ಲ.

"ಒಂದು ಮಾತು ಕೇಳ್ಲಾ? ನಾನು ಡಬ್ಬ ಇಳಿಸ್ದೆ ಇದ್ದಿದ್ರೆ ಏನ್ ಮಾಡ್ತಿದ್ರಿ?"

ಖತೀಜಾ ಬೀ ಕೈಯಲ್ಲಿದ್ದ ಗೂಡನ್ನು ಒಂದು ಕ್ಷಣ ನೋಡಿದಳು. "ಲಾಟು ಮುಗೀತಲ್ಲ, ಹೇಳ್ಬೋದು," ಎಂದಳು. "ಇನ್ನೊಂದು ಗಂಟೆ ತಡ್ಕೊಂಡಿದ್ರೆ ನಾವು ಸತ್ತಿದ್ವಿ ಕಣಪ್ಪ. ಮಧ್ಯಾಹ್ನದ ಜೊಹರ್ ನಮಾಜಿಗೆ ಅರ್ಧ ಜನ ಏಳ್ಬೇಕಿತ್ತು. ಎದ್ದೋರು ಮಸೀದಿಯಿಂದ ನೇರ ನಿನ್ನ ಅಂಗಡಿಗೇ ಬರ್ತಿದ್ರು, ಸ್ಟೀರಿಂಗೂ ತಗೋತಿದ್ರು. ಆ ಮೇಲೂರಿನವನಂತೂ ಎರಡು ಸಲ ಎದ್ದಾಗಿತ್ತು. ಅವನ ಚಪ್ಪಲಿ ನನ್ನ ಕಾಲ ಕೆಳಗೆ ಒತ್ತಿಟ್ಕೊಂಡಿದ್ದೆ. ಇವಳೇ," ಎಂದು ಒಳಗಿನ ಶೈಸ್ತಾಳ ಕಡೆ ಗದ್ದ ಎತ್ತಿ, "ಹನ್ನೊಂದು ಗಂಟೆಗೇ, ದಾದಿಮಾ ಸಾಕು, ತಗೊಂಡ್ಬಿಡಣ ಅಂತ ನನ್ನ ತೊಡೆ ಚಿವುಟ್ತಿದ್ಲು. ನೀನು ಬೆಂಚಿನ ಮೇಲೆ ಕೂತು ಸುಮ್ನೆ ಒಂದು ಟೀ ಕುಡಿದಿದ್ರೆ ಸಾಕಾಗಿತ್ತು."

ಮುರಳಿ ಬಾಗಿಲ ಮೆಟ್ಟಿಲ ಮೇಲೆ ಕೂತ. ಒಂದು ಟೀ. ಕುರ್ಚಿ, ಫ್ಯಾನು, ಬೆನ್ನು, ಎಲ್ಲವೂ ಆ ಗಾಜಿನ ಲೋಟದಲ್ಲಿತ್ತು. ಅವಳೇ ಕುಡಿ ಎಂದು ಕರೆದಿದ್ದಳು, ತಾನೇ ಬೇಡವೆಂದಿದ್ದ. ಹೊಟ್ಟೆ ಉರಿಯಬೇಕಿತ್ತು, ಅದಕ್ಕಾಗಿ ಸ್ವಲ್ಪ ಹೊತ್ತು ಕಾದೂ ನೋಡಿದ. ಉರಿಯಲಿಲ್ಲ. ಕೈಯಲ್ಲಿ ಏನೂ ಇಲ್ಲದೆ, ಹದಿನೇಳು ಬಾಯಿ ನೀರಿಡುತ್ತಿರುವಾಗ, ಒಂದು ಜೊತೆ ಚಪ್ಪಲಿಯ ಮೇಲೆ ಕಾಲಿಟ್ಟುಕೊಂಡು ಅಷ್ಟು ತಣ್ಣಗೆ ಸಾಸರಿನಲ್ಲಿ ಟೀ ಕುಡಿದವಳನ್ನು ಅವನು ನೋಡುತ್ತ ಕೂತ.

"ಅಮ್ಮ, ನಾಳೆ ಬೆಳಿಗ್ಗೆ ಮಾರ್ಕೆಟ್ಟಿಗೆ ನಾನೂ ಬರ್ಲಾ? ಸುಮ್ನೆ ನೋಡಕ್ಕೆ."

"ಬಾ," ಎಂದಳು ಖತೀಜಾ ಬೀ, ಗೂಡಿನಿಂದ ಕಣ್ಣೆತ್ತದೆ. "ಏಳು ಗಂಟೆಗೆ ಬಂದ್ಬಿಡು. ನಂಗಿಂತ ಹಿಂದೆ ನಿಂತ್ಕೋ, ಏನ್ ಕಂಡ್ರೂ ಬಾಯಿ ಬಿಡ್ಬೇಡ."

ಮುರಳಿ ಆರೂವರೆಗೇ ಹೋಗಿ ನಿಂತಿದ್ದ.